ಸೂಪರ್ ಕೆಪಾಸಿಟರ್ ಲ್ಯಾಬ್‌ನಿಂದ ಪೇಟೆಗೆ: ಉದ್ಯಮ ಪಾಲುದಾರಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಲ್ಯಾಬ್‌ನಲ್ಲಿ ಕೆಪಾಸಿಟರ್ ಮೇಲೆ ಕೆಲಸ ಮಾಡುವವರು, ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಸಣ್ಣ ಕಾರ್ಖಾನೆ ಇಟ್ಟುಕೊಂಡವರು, ಈಗಷ್ಟೇ ಸ್ಟಾರ್ಟಪ್ ನೋಂದಾಯಿಸಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳಲ್ಲಿ ಮಾಹಿತಿಯ ಜೊತೆ ನನ್ನ ಅಭಿಪ್ರಾಯವೂ ಬೆರೆತಿದೆ. ಒಪ್ಪದಿದ್ದರೆ ಬೇಸರವಿಲ್ಲ, ಲೆಕ್ಕ ಹಾಕಿ ನೋಡಿ ಆಮೇಲೆ ಜಗಳಕ್ಕೆ ಬನ್ನಿ.

ಸೂಪರ್ ಕೆಪಾಸಿಟರ್ ಅಂದರೆ ಸೀಲಿಂಗ್ ಫ್ಯಾನಿನ ಕಂಡೆನ್ಸರ್‌ನಂಥದ್ದೇ ಅಲ್ಲವೇ?

ಕುಲ ಒಂದೇ, ಕಸುಬು ಬೇರೆ. ಫ್ಯಾನಿನಲ್ಲಿರುವ ಕಂಡೆನ್ಸರ್ ಸುಮಾರು 2.5 ಮೈಕ್ರೋಫ್ಯಾರಡ್‌ನದು (ಫ್ಯಾರಡ್ ಅಂದರೆ ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ, ಮೈಕ್ರೋ ಅಂದರೆ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು). ತೆಳುವಾದ ಪಾಲಿಪ್ರೊಪಿಲೀನ್ ಹಾಳೆಯ ಮೇಲೆ ಲೋಹದ ಲೇಪ ಕೊಟ್ಟು ಸುತ್ತಿರುತ್ತಾರೆ. ಮನೆಯ ಕರೆಂಟಿನ ತುತ್ತತುದಿ ವೋಲ್ಟೇಜ್ ಸಿಕ್ಕಾಗಲೂ ಅದರೊಳಗೆ ನಿಲ್ಲುವ ಶಕ್ತಿ 0.13 ಜೌಲ್ ಮಾತ್ರ. ಸೂಪರ್ ಕೆಪಾಸಿಟರ್‌ನಲ್ಲಿ ಹಾಳೆಯ ಬದಲು ರಂಧ್ರಮಯ ಇಂಗಾಲ ಇರುತ್ತದೆ, ಅದು ಎಲೆಕ್ಟ್ರೋಲೈಟ್‌ನಲ್ಲಿ, ಅಂದರೆ ಅಯಾನುಗಳೆಂಬ ಚಾರ್ಜ್ ಹೊತ್ತ ಕಣಗಳಿರುವ ದ್ರವದಲ್ಲಿ, ನೆನೆದಿರುತ್ತದೆ. ಚಾರ್ಜ್ ಕೊಟ್ಟಾಗ ಅಯಾನುಗಳು ಇಂಗಾಲದ ಮೇಲ್ಮೈಗೆ ಬಂದು ಒತ್ತಾಗಿ ನಿಲ್ಲುತ್ತವೆ. ರಾಸಾಯನಿಕ ಕ್ರಿಯೆ ಏನೂ ನಡೆಯುವುದಿಲ್ಲ, ಬಂದವು, ನಿಂತವು, ಹೋದವು, ಅಷ್ಟೇ. ಒಂದು ಗ್ರಾಂ ಇಂಗಾಲದಲ್ಲಿ 1500 ಚದರ ಮೀಟರ್‌ಗೂ ಹೆಚ್ಚು ಮೇಲ್ಮೈ ಸಿಗುವುದರಿಂದ ಮುಷ್ಟಿಗಿಂತ ತುಸು ದೊಡ್ಡ ಡಬ್ಬಿಯಲ್ಲಿ 3000 ಫ್ಯಾರಡ್ ಹಿಡಿಸುತ್ತದೆ. 2.7 ವೋಲ್ಟ್‌ಗೆ ತುಂಬಿಸಿದರೆ ಸುಮಾರು 11,000 ಜೌಲ್.

ಹಾಗಾದರೆ ಬ್ಯಾಟರಿ ಕಿತ್ತು ಇದನ್ನೇ ಹಾಕಬಹುದಲ್ಲ?

ಆಗುವುದಿಲ್ಲ. ಆ 11,000 ಜೌಲ್ ಅಂದರೆ ಮೂರು ವ್ಯಾಟ್-ಅವರ್. ಈಗಿನ 5000 ಎಂಎಎಚ್ ಮೊಬೈಲ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ ಇರುತ್ತದೆ. ಅಷ್ಟಾಗಬೇಕಾದರೆ ಅಂಥ ಡಬ್ಬಿ ಆರೇಳು ಬೇಕು, ಒಂದೊಂದೂ ಅರ್ಧ ಕಿಲೋ. ಮೂರು ಕಿಲೋ ಮೀರಿದ ಮೊಬೈಲನ್ನು ಯಾರು ಜೇಬಿಗೆ ಹಾಕಿಕೊಳ್ಳುತ್ತಾರೆ?

ಆದರೆ ಅದೇ ಡಬ್ಬಿ ಕೆಲವೇ ಸೆಕೆಂಡಿನಲ್ಲಿ ತುಂಬುತ್ತದೆ, ಕೆಲವೇ ಸೆಕೆಂಡಿನಲ್ಲಿ ಬರಿದಾಗುತ್ತದೆ, ಹತ್ತು ಲಕ್ಷ ಸಲ ಹಾಗೆ ಮಾಡಿದರೂ ಬಾಳುತ್ತದೆ, ಮೈನಸ್ 40 ಡಿಗ್ರಿ ಚಳಿಯಲ್ಲೂ ಕೆಲಸ ಮಾಡುತ್ತದೆ. ಪಾಲುದಾರ ಕಂಪನಿ ಹುಡುಕುವಾಗ ಈ ನಾಲ್ಕು ಗುಣಗಳಲ್ಲಿ ಒಂದಾದರೂ ತೀರಾ ಬೇಕಾಗಿರುವವರನ್ನು ಹುಡುಕಬೇಕು. "ಬ್ಯಾಟರಿಗೆ ಪರ್ಯಾಯ" ಎಂದು ಹೇಳಿಕೊಂಡು ಹೋದರೆ ಬ್ಯಾಟರಿಯ ಕಿಲೋ ಲೆಕ್ಕದಲ್ಲೇ ನಿಮ್ಮನ್ನು ಅಳೆಯುತ್ತಾರೆ, ಆ ಅಳತೆಯಲ್ಲಿ ಸೋಲುವುದು ಖಚಿತ.

"ಸುಧಾರಿತ" ಕೆಪಾಸಿಟರ್ ಎಂದರೆ ಯಾವುದು ಸುಧಾರಿಸಿರಬೇಕು?

ಪ್ರಬಂಧಗಳಲ್ಲಿ ಎಲ್ಲರೂ ಬರೆಯುವುದು ಒಂದು ಗ್ರಾಂ ಎಲೆಕ್ಟ್ರೋಡ್ ವಸ್ತುವಿಗೆ, ಅಂದರೆ ಚಾರ್ಜ್ ಹಿಡಿಯುವ ಇಂಗಾಲದಂಥ ವಸ್ತುವಿಗೆ, ಎಷ್ಟು ಫ್ಯಾರಡ್ ಎಂದು. ಕಂಪನಿಯವರು ಆ ಸಾಲನ್ನು ಓದಿ ಪುಟ ತಿರುಗಿಸುತ್ತಾರೆ, ಕಾರಣವೂ ಇದೆ. ಒಂದೇ ಎಲೆಕ್ಟ್ರೋಡ್‌ನ ಗುಣ ಅಳೆಯಲು ಲ್ಯಾಬ್‌ನಲ್ಲಿ ಮಾಡುವ ಮೂರು ಎಲೆಕ್ಟ್ರೋಡ್‌ನ ಪ್ರಯೋಗದಲ್ಲಿ ಗ್ರಾಂಗೆ 200 ಫ್ಯಾರಡ್ ಬಂತು ಎಂದುಕೊಳ್ಳಿ. ನಿಜವಾದ ಸೆಲ್‌ನಲ್ಲಿ, ಅಂದರೆ ಮೇಲೆ ಹೇಳಿದಂಥ ಡಬ್ಬಿಯಲ್ಲಿ, ಎರಡು ಎಲೆಕ್ಟ್ರೋಡ್ ಸರಣಿಯಲ್ಲಿ ಕೂರುತ್ತವೆ. ಕೆಪಾಸಿಟೆನ್ಸ್ (ಫ್ಯಾರಡ್ ಲೆಕ್ಕ) ಅರ್ಧವಾಗುತ್ತದೆ, ತೂಕ ಇಮ್ಮಡಿಯಾಗುತ್ತದೆ. 200 ಇದ್ದದ್ದು 50ಕ್ಕೆ ಇಳಿಯಿತು. ಮೇಲೆ ಅಲ್ಯೂಮಿನಿಯಂ ಫಾಯಿಲ್, ಎಲೆಕ್ಟ್ರೋಡ್‌ಗಳು ಒಂದಕ್ಕೊಂದು ತಾಗದಂತೆ ನಡುವೆ ಇಡುವ ಸೆಪರೇಟರ್, ಎಲೆಕ್ಟ್ರೋಲೈಟ್, ಡಬ್ಬಿ ಎಲ್ಲದರ ತೂಕ ಸೇರಿದರೆ ಇನ್ನೂ ಕೆಳಗೆ. ಲ್ಯಾಬ್‌ನ ಲೇಪ ಹತ್ತಿಪ್ಪತ್ತು ಮೈಕ್ರಾನ್ ದಪ್ಪ ಇದ್ದು ಕಾರ್ಖಾನೆಯದು ನೂರು ಮೈಕ್ರಾನ್ ಇದ್ದರೆ ಅಂಕಿ ಮತ್ತೆ ಬದಲಾಗುತ್ತದೆ.

ವೋಲ್ಟೇಜ್ ಸುಧಾರಿಸಿದರೆ ಮಾತ್ರ ಕೂತು ಕೇಳುತ್ತಾರೆ. ಶಕ್ತಿ ಏರುವುದು ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ. 2.7 ವೋಲ್ಟ್‌ನ ಸೆಲ್ ಆಯಸ್ಸು ಕುಂದದೆ 3.0 ವೋಲ್ಟ್ ತಡೆದುಕೊಂಡರೆ, ಒಂದು ಚೂರು ಇಂಗಾಲ ಹೆಚ್ಚಿಗೆ ಹಾಕದೆ ಶೇ. 23ರಷ್ಟು ಶಕ್ತಿ ಜಾಸ್ತಿ ಸಿಗುತ್ತದೆ. ಜೊತೆಗೆ ಒಂದು ಮಾಡ್ಯೂಲ್‌ಗೆ, ಅಂದರೆ ಹಲವು ಸೆಲ್ ಜೋಡಿಸಿ ಮಾಡಿದ ಪೆಟ್ಟಿಗೆಗೆ, ಬೇಕಾದ ಸೆಲ್‌ಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಆಮೇಲೆ ಕೇಳುವುದು ಒಳ ಪ್ರತಿರೋಧ, ಸೋರಿಕೆ ಕರೆಂಟ್ (ಸುಮ್ಮನಿಟ್ಟಾಗಲೂ ಸೋರಿಹೋಗುವ ಚಾರ್ಜ್), 65 ಡಿಗ್ರಿಯ ಮೇಲೆ ಬಾಳಿಕೆ, ಕೊನೆಗೆ ಬೆಲೆ. ಬೆಲೆಯನ್ನು ಕೊನೆಗೆ ಕೇಳಿದರೂ ನಿರ್ಧಾರ ಅದರ ಮೇಲೆಯೇ.

ಐಐಎಸ್‌ಸಿಯಲ್ಲಿ ಶೇ. 3000 ಸುಧಾರಿಸಿದ ಕೆಪಾಸಿಟರ್ ಬಂತು ಎಂದು ಪೇಪರಿನಲ್ಲಿ ಓದಿದೆ. ಯಾವಾಗ ಸಿಗುತ್ತೆ?

2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಭಾ ಮಿಶ್ರಾ ಅವರ ತಂಡ ಪ್ರಕಟಿಸಿದ ಕೆಲಸ ಅದು. ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಗ್ರಾಫೀನ್ ಪದರಗಳನ್ನು ಜೋಡಿಸಿ, ಲೋಹದ ಎಲೆಕ್ಟ್ರೋಡ್ ಬದಲು ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್ ಬಳಸಿದ ಅತಿ ಪುಟ್ಟ ಸಾಧನ. ನಿರ್ದಿಷ್ಟ ಸ್ಥಿತಿಯಲ್ಲಿ ಅದರ ಕೆಪಾಸಿಟೆನ್ಸ್ ಶೇ. 3000 ಏರಿತು ಎಂಬುದು ನಿಜ, ಒಳ್ಳೆಯ ವಿಜ್ಞಾನವೂ ಹೌದು. ಆದರೆ ಅದು ಚಿಪ್ ಒಳಗೆ ಕೂರುವ ಗಾತ್ರದ್ದು, ಬಸ್ಸು ಓಡಿಸುವ ಜಾತಿಯದ್ದಲ್ಲ. ಅದಕ್ಕೆ ತಕ್ಕ ಪಾಲುದಾರರು ಸೆಮಿಕಂಡಕ್ಟರ್‌ನವರು, ಬ್ಯಾಟರಿಯವರಲ್ಲ. ಸುದ್ದಿಯ ತಲೆಬರಹ ಓದಿ ಲೈಸೆನ್ಸ್ ಕೇಳಲು ಹೋಗುವ ಮುನ್ನ ಸಾಧನದ ಗಾತ್ರ ಎಷ್ಟು ಎಂದು ಕೇಳಿ.

ಈ ತಂತ್ರಜ್ಞಾನ ಮೊದಲು ಪೇಟೆಗೆ ಬಂದದ್ದು ಯಾವ ಪಾಲುದಾರಿಕೆಯಿಂದ?

ಈ ಕಥೆ ಗೊತ್ತಿದ್ದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಹೋವರ್ಡ್ ಬೆಕರ್ ಎಂಬುವರಿಗೆ 1957ರಲ್ಲಿ ರಂಧ್ರಮಯ ಇಂಗಾಲದ ಕೆಪಾಸಿಟರ್‌ಗೆ ಪೇಟೆಂಟ್ ಸಿಕ್ಕಿತು. ಕಂಪನಿ ಅದನ್ನು ಮುಂದುವರಿಸಲಿಲ್ಲ. ನಂತರ ಸ್ಟ್ಯಾಂಡರ್ಡ್ ಆಯಿಲ್ ಆಫ್ ಒಹಾಯೊ, ಅಂದರೆ ಎಣ್ಣೆ ಕಂಪನಿ, ಅದೇ ದಾರಿಯಲ್ಲಿ ಹೊರಟಿತು. ಅಲ್ಲಿನ ರಾಬರ್ಟ್ ರೈಟ್‌ಮೈರ್ ಅವರ ಪೇಟೆಂಟ್ 1966ರದು. ಎಣ್ಣೆ ಮಾರುವವರಿಗೆ ಕೆಪಾಸಿಟರ್ ಮಾರುವ ದಾರಿ ಗೊತ್ತಿರಲಿಲ್ಲ. 1971ರಲ್ಲಿ ಜಪಾನಿನ ಎನ್‌ಇಸಿಗೆ ಲೈಸೆನ್ಸ್ ಕೊಟ್ಟರು. ಎನ್‌ಇಸಿ ಅದನ್ನು 'ಸೂಪರ್ ಕೆಪಾಸಿಟರ್' ಹೆಸರಿನಲ್ಲಿ ಮಾರಾಟಕ್ಕೆ ಇಟ್ಟದ್ದು 1978ರಲ್ಲಿ.

ಇಲ್ಲಿ ಗಮನಿಸಬೇಕಾದ್ದು ಮೊದಲ ಗಿರಾಕಿ ಯಾರು ಎಂಬುದು. ಕಾರಲ್ಲ, ರೈಲಲ್ಲ. ಕರೆಂಟು ಹೋದಾಗ ಕಂಪ್ಯೂಟರಿನ ಮೆಮೊರಿ ಅಳಿಸಿಹೋಗದಂತೆ ಕಾಯುವ ಕೆಲಸ. ತೀರಾ ಸಣ್ಣ ಕರೆಂಟು, ಸಣ್ಣ ಬಿಲ್ಲೆಯಂಥ ಸೆಲ್. ಎನ್‌ಇಸಿ ಸ್ವತಃ ಕಂಪ್ಯೂಟರ್ ಮಾಡುವ ಕಂಪನಿಯಾಗಿದ್ದರಿಂದ ಆ ತೊಂದರೆ ಅವರಿಗೆ ಮನೆಯೊಳಗಿನದೇ ಆಗಿತ್ತು.

ಇನ್ನೊಂದು ಲೆಕ್ಕ. ಆಗ ಅಮೆರಿಕದ ಪೇಟೆಂಟ್ ಅವಧಿ ಮಂಜೂರಾದ ದಿನದಿಂದ 17 ವರ್ಷ. 1966ರ ಪೇಟೆಂಟ್ 1983ಕ್ಕೆ ಮುಗಿಯಬೇಕು. ಮಾಲು ಅಂಗಡಿಗೆ ಬಂದಾಗ ಐದು ವರ್ಷ ಉಳಿದಿತ್ತು. ಲೈಸೆನ್ಸ್ ಕೈಗೆ ಬಂದ ಮೇಲೂ ಏಳು ವರ್ಷ ಹಿಡಿಯಿತು, ಅದೂ ಎನ್‌ಇಸಿಯಂಥ ಕಂಪನಿಗೆ. ನಿಮ್ಮ ಬಿಸಿನೆಸ್ ಪ್ಲಾನಿನಲ್ಲಿ "18 ತಿಂಗಳಲ್ಲಿ ಮಾರುಕಟ್ಟೆಗೆ" ಎಂದು ಬರೆದಿದ್ದರೆ ಈ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿ.

ಭಾರತದಲ್ಲಿ ಅಂಥ ಉದಾಹರಣೆ ಇದೆಯೇ?

ಇದೆ, ನಮ್ಮ ಗಡಿಗೆ ಹತ್ತಿರದಲ್ಲೇ. ಕೇರಳದ ಕಣ್ಣೂರಿನ ಕೆಲ್ಟ್ರಾನ್ ಕಾಂಪೊನೆಂಟ್ ಕಾಂಪ್ಲೆಕ್ಸ್, ರಾಜ್ಯ ಸರ್ಕಾರದ ಉದ್ಯಮ. ಎಪ್ಪತ್ತರ ದಶಕದಲ್ಲಿ ಹುಟ್ಟಿದ್ದು, ಅಲ್ಯೂಮಿನಿಯಂ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾಡುವುದರಲ್ಲಿ ಕೈ ಪಳಗಿದ್ದು. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ಅಭಿವೃದ್ಧಿಪಡಿಸಿದ ಸೂಪರ್ ಕೆಪಾಸಿಟರ್ ತಂತ್ರಜ್ಞಾನವನ್ನು ಅಲ್ಲಿಗೆ ವರ್ಗಾಯಿಸಲಾಯಿತು. ಕಾರ್ಖಾನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು.

ಈ ಜೋಡಿ ಸರಿಹೊಂದುವುದಕ್ಕೆ ಕಾರಣ ಇದೆ ಎಂದು ನನ್ನ ಭಾವನೆ. ಫಾಯಿಲ್ ಕತ್ತರಿಸುವುದು, ಸುತ್ತುವುದು, ಎಲೆಕ್ಟ್ರೋಲೈಟ್ ತುಂಬುವುದು, ಡಬ್ಬಿಯ ಬಾಯಿ ಮುಚ್ಚುವುದು ಇವೆಲ್ಲ ಹಳೆಯ ಕೆಪಾಸಿಟರ್ ಕಾರ್ಖಾನೆಯವರಿಗೆ ಕೈಬಂದ ಕೆಲಸ. ಹೊಸದಾಗಿ ಕಲಿಯಬೇಕಾದ್ದು ಇಂಗಾಲದ ಎಲೆಕ್ಟ್ರೋಡ್ ಮತ್ತು ತೇವದ ಮೇಲಿನ ಕಟ್ಟುನಿಟ್ಟು. ಲೈಸೆನ್ಸ್ ಪಡೆಯುವವರಿಗೆ ಅರ್ಧ ಕೆಲಸವಾದರೂ ಮೊದಲೇ ಬರುತ್ತಿರಬೇಕು. ಎಲ್ಲವನ್ನೂ ಹೊಸದಾಗಿ ಕಲಿಯುತ್ತೇವೆ ಎನ್ನುವವರ ಹುಮ್ಮಸ್ಸು ಮೆಚ್ಚಬೇಕಾದ್ದೇ, ಲೈಸೆನ್ಸ್ ಕೊಡಬೇಕಾದ್ದಲ್ಲ.

ಬೆಂಗಳೂರಿನಲ್ಲಿ ಐಐಎಸ್‌ಸಿಯ ಎ. ಕೆ. ಶುಕ್ಲಾ ಅವರ ತಂಡ ಸೀಸ-ಇಂಗಾಲದ ಹೈಬ್ರಿಡ್ ಅಲ್ಟ್ರಾಕೆಪಾಸಿಟರ್ (ಸೂಪರ್ ಕೆಪಾಸಿಟರ್‌ಗೇ ಇನ್ನೊಂದು ಹೆಸರು) ಮೇಲೆ ಬಹಳ ಕೆಲಸ ಮಾಡಿದೆ. ಒಂದು ಬದಿ ಲೆಡ್-ಆಸಿಡ್ ಬ್ಯಾಟರಿಯ ಎಲೆಕ್ಟ್ರೋಡ್, ಇನ್ನೊಂದು ಬದಿ ಇಂಗಾಲ. ನಮ್ಮಲ್ಲಿ ಲೆಡ್-ಆಸಿಡ್ ಗೊತ್ತಿರುವವರು ಊರೂರಿಗೆ ಇರುವುದರಿಂದ ಇದೂ ಅದೇ ತರ್ಕದ ಆಯ್ಕೆ.

ಮೊದಲು ಯಾರ ಬಾಗಿಲು ತಟ್ಟಬೇಕು?

ತೊಂದರೆಯಿಂದ ದಿನವೂ ದುಡ್ಡು ಕಳೆದುಕೊಳ್ಳುತ್ತಿರುವವರ ಬಾಗಿಲು. ಚಿತ್ರದುರ್ಗದ ಗುಡ್ಡಗಳ ಮೇಲೋ ಗದಗದ ಕಡೆಯೋ ನಿಂತಿರುವ ಗಾಳಿಯಂತ್ರವನ್ನೇ ತೆಗೆದುಕೊಳ್ಳಿ. ಗಾಳಿ ಜೋರಾಗಿರುವಾಗ ಗ್ರಿಡ್ ಕೈಕೊಟ್ಟರೆ ರೆಕ್ಕೆಗಳನ್ನು ತಕ್ಷಣ ಗಾಳಿಗೆ ಅಂಚು ಕೊಡುವಂತೆ ತಿರುಗಿಸಬೇಕು, ಇಲ್ಲದಿದ್ದರೆ ಯಂತ್ರ ಲಂಗುಲಗಾಮಿಲ್ಲದೆ ತಿರುಗುತ್ತದೆ. ವಿದ್ಯುತ್ ಮೋಟಾರಿನಿಂದ ರೆಕ್ಕೆ ತಿರುಗಿಸುವ ಯಂತ್ರಗಳಲ್ಲಿ ಆ ಕೆಲವು ಸೆಕೆಂಡುಗಳ ಕೆಲಸಕ್ಕೆಂದೇ ಹಬ್ ಒಳಗೆ ಬ್ಯಾಟರಿ ಇಟ್ಟಿರುತ್ತಾರೆ. ಹಬ್ ಇಡೀ ದಿನ ತಿರುಗುತ್ತಿರುತ್ತದೆ, ಬೇಸಿಗೆಯಲ್ಲಿ ಕಾಯುತ್ತದೆ, ಲೆಡ್-ಆಸಿಡ್ ಬ್ಯಾಟರಿ ಕೆಲವೇ ವರ್ಷಕ್ಕೆ ಸೊರಗುತ್ತದೆ. ಬದಲಿಸಬೇಕೆಂದರೆ ಯಂತ್ರ ನಿಲ್ಲಿಸಿ, ಇಬ್ಬರು ಬೆಲ್ಟ್ ಕಟ್ಟಿಕೊಂಡು ಎಂಬತ್ತೋ ನೂರೋ ಮೀಟರ್ ಏಣಿ ಹತ್ತಿ, ಭಾರದ ಬ್ಯಾಟರಿಗಳನ್ನು ಮೇಲೆತ್ತಬೇಕು. ಅಲ್ಲಿ ಬ್ಯಾಟರಿಯ ಬೆಲೆಗಿಂತ ಏಣಿ ಹತ್ತುವ ಖರ್ಚೇ ದೊಡ್ಡದು. ಆದ್ದರಿಂದಲೇ ಸೂಪರ್ ಕೆಪಾಸಿಟರ್‌ಗೆ ಗಾಳಿಯಂತ್ರ ಜಗತ್ತಿನಾದ್ಯಂತ ದೊಡ್ಡ ಗಿರಾಕಿ.

ಇದೇ ಬಗೆಯ ಇನ್ನೂ ಕೆಲವು ಕೆಲಸಗಳಿವೆ. ಸ್ಮಾರ್ಟ್ ಮೀಟರ್ ಕರೆಂಟು ಹೋದ ಕ್ಷಣದಲ್ಲಿ "ಇಲ್ಲಿ ಕರೆಂಟು ಹೋಯಿತು" ಎಂದು ಒಂದು ಕೊನೆಯ ಸಂದೇಶ ಕಳಿಸಬೇಕು. ಏರ್‌ಬಸ್ ಎ380 ವಿಮಾನದ ಬಾಗಿಲಿನ ತುರ್ತು ವ್ಯವಸ್ಥೆಯಲ್ಲಿ ಇದೇ ಸೆಲ್‌ಗಳಿವೆ. ಶಾಂಘೈನಲ್ಲಿ 2006ರಿಂದ ನಿಲ್ದಾಣಕ್ಕೊಮ್ಮೆ ಚಾರ್ಜ್ ತುಂಬಿಸಿಕೊಂಡು ಸಾಗುವ ಬಸ್ಸು ಓಡಿತು. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ 2003ರಿಂದ ಬೊಂಬಾರ್ಡಿಯರ್ ಟ್ರಾಮಿನ ಛಾವಣಿಯ ಮೇಲೆ ಇಟ್ಟು ಪರೀಕ್ಷಿಸಿದಾಗ ಬ್ರೇಕ್ ಹಾಕಿದ ಶಕ್ತಿ ಮರಳಿ ಸಿಕ್ಕು ಸುಮಾರು ಶೇ. 30 ವಿದ್ಯುತ್ ಉಳಿಯಿತು.

ಪಾಲುದಾರರು ಒಬ್ಬರೇ ಸಾಕೇ?

ಸಾಮಾನ್ಯವಾಗಿ ಸಾಲದು. 2010ರಲ್ಲಿ ಫ್ರಾನ್ಸಿನ ಪಿಎಸ್‌ಎ, ಅಂದರೆ ಪೂಜೊ-ಸಿಟ್ರೊಯೆನ್, ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಡೀಸೆಲ್ ಕಾರುಗಳನ್ನು ತಂದಿತು. ಪದೇ ಪದೇ ಸ್ಟಾರ್ಟ್ ಮಾಡುವ ಹೊರೆ ಬ್ಯಾಟರಿ ಮೇಲೆ ಬೀಳದಂತೆ ಅದರಲ್ಲಿ ಸೂಪರ್ ಕೆಪಾಸಿಟರ್ ಇಟ್ಟರು. ಸೆಲ್ ಅಮೆರಿಕದ ಮ್ಯಾಕ್ಸ್‌ವೆಲ್ ಟೆಕ್ನಾಲಜೀಸ್‌ನದು, ಅದನ್ನು ಎಲೆಕ್ಟ್ರಾನಿಕ್ಸ್ ಸಮೇತ ಒಂದು ಪೆಟ್ಟಿಗೆಯಾಗಿ ಮಾಡಿದ್ದು ಜರ್ಮನಿಯ ಕಾಂಟಿನೆಂಟಲ್, ಕಾರು ಪಿಎಸ್‌ಎಯದು. ನಡುವಿನ ಕಾಂಟಿನೆಂಟಲ್ ಇಲ್ಲದಿದ್ದರೆ ಉಳಿದಿಬ್ಬರೂ ಪರಸ್ಪರ ಮಾತಾಡುವ ಹಾಗಿರಲಿಲ್ಲ. ಕಾರಿನವರಿಗೆ ಸೆಲ್ ಬೇಡ, ತಂತಿ ಸಿಕ್ಕಿಸಿದರೆ ಕೆಲಸ ಮಾಡುವ ಪೆಟ್ಟಿಗೆ ಬೇಕು.

ಲ್ಯಾಬ್‌ನವರು ಬಹುಪಾಲು ಈ ನಡುವಿನವರನ್ನು ಮರೆಯುತ್ತಾರೆ.

ಒಪ್ಪಂದಗಳು ಯಾವ ಕ್ರಮದಲ್ಲಿ ಆಗುತ್ತವೆ?

ಮೊದಲು ಗೋಪ್ಯತೆಯ ಒಪ್ಪಂದ. ಆಮೇಲೆ ಸ್ಯಾಂಪಲ್ ಕೊಟ್ಟು ಪರೀಕ್ಷಿಸಿಕೊಳ್ಳಲು ಒಂದು ಸಣ್ಣ ಒಪ್ಪಂದ: ಸೆಲ್ ಬಿಚ್ಚಿ ನೋಡುವಂತಿಲ್ಲ, ಫಲಿತಾಂಶ ಇಬ್ಬರಿಗೂ ಸೇರಿದ್ದು, ಇಷ್ಟು ತಿಂಗಳೊಳಗೆ ಹೌದು ಇಲ್ಲ ಹೇಳಬೇಕು. ಮೂರನೆಯದು ಜಂಟಿ ಅಭಿವೃದ್ಧಿ ಒಪ್ಪಂದ, ಕೊನೆಗೆ ಲೈಸೆನ್ಸ್. ಕೆಲವರು ಎರಡನೆಯದನ್ನು ಹಾರಿ ಮೂರನೆಯದಕ್ಕೆ ಹೋಗುತ್ತಾರೆ. ಸ್ಯಾಂಪಲ್ ಅವರ ಬೆಂಚಿನ ಮೇಲೆ ಫೇಲಾದಾಗ ಒಪ್ಪಂದದ ಕಾಗದ ಯಾರಿಗೂ ಬೇಡದ ಮದುವೆ ಪತ್ರಿಕೆಯಾಗುತ್ತದೆ.

ಜಂಟಿಯಾಗಿ ಮಾಡಿದ ಕೆಲಸದ ಪೇಟೆಂಟ್ ಯಾರದು? "ಇಬ್ಬರದೂ" ಎಂದು ಬರೆದರೆ ಸಾಲದೇ?

ಸಾಲದು, ಬಹಳ ಜನ ಎಡವುವುದು ಇಲ್ಲೇ. ಭಾರತದ ಪೇಟೆಂಟ್ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಹ ಮಾಲೀಕರಿಗೆ ಸಮಪಾಲು. ಪ್ರತಿಯೊಬ್ಬರೂ ತಮ್ಮ ಲಾಭಕ್ಕೆ ಅದನ್ನು ಬಳಸಬಹುದು, ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಿಲ್ಲ. ಆದರೆ ಮೂರನೆಯವರಿಗೆ ಲೈಸೆನ್ಸ್ ಕೊಡಬೇಕಾದರೆ ಎಲ್ಲರ ಒಪ್ಪಿಗೆ ಬೇಕು.

ಇದರ ಪರಿಣಾಮ ನೋಡಿ. ಕಂಪನಿಗೆ ಕಾರ್ಖಾನೆ ಇದೆ, ಅದು ತಯಾರಿಸಿ ಮಾರಿಕೊಂಡು ಆರಾಮಾಗಿರುತ್ತದೆ, ಕಾಲೇಜಿಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಕಾಲೇಜಿಗೆ ಕಾರ್ಖಾನೆ ಇಲ್ಲ, ಬೇರೆಯವರಿಗೆ ಕೊಡೋಣ ಎಂದರೆ ಕಂಪನಿ ಒಪ್ಪಬೇಕು. ಕಾಗದದ ಮೇಲೆ ಸಮಪಾಲು, ನಿಜದಲ್ಲಿ ಒಬ್ಬರ ಕೈ ಕಟ್ಟಿದ ಹಾಗೆ. ಅಮೆರಿಕದಲ್ಲಿ ನಿಯಮ ತಿರುಗುಮುರುಗು: ಸಹ ಮಾಲೀಕ ಇನ್ನೊಬ್ಬರನ್ನು ಕೇಳದೆ ಲೈಸೆನ್ಸ್ ಕೊಡಬಹುದು. ಎರಡೂ ಕಡೆ ಪೇಟೆಂಟ್ ಹಾಕುವವರು ಒಪ್ಪಂದದಲ್ಲೇ ಎಲ್ಲವನ್ನೂ ಬಿಡಿಸಿ ಬರೆಯಬೇಕು. ಮೊದಲೇ ನಿಮ್ಮ ಬಳಿ ಇದ್ದದ್ದು ಏನು, ಹೊಸದಾಗಿ ಹುಟ್ಟಿದ್ದು ಯಾರದು, ಲೈಸೆನ್ಸ್ ಹಣ ಹೇಗೆ ಹಂಚಿಕೆ ಎಂದು ಕೆಲಸ ಶುರುವಾಗುವ ಮೊದಲೇ ಬರೆದುಕೊಳ್ಳಿ. ಫಲಿತಾಂಶ ಬಂದ ಮೇಲೆ ಯಾರೂ ಧಾರಾಳಿಗಳಾಗಿ ಉಳಿಯುವುದಿಲ್ಲ.

ಪ್ರಬಂಧ ಮೊದಲೋ ಪೇಟೆಂಟ್ ಮೊದಲೋ?

ಪೇಟೆಂಟ್. ತಾತ್ಕಾಲಿಕ ಅರ್ಜಿ ಹಾಕಿ, ಮರುದಿನ ಬೇಕಾದರೆ ಪ್ರಬಂಧ ಕಳಿಸಿ. ಪೂರ್ಣ ವಿವರ ಸಲ್ಲಿಸಲು 12 ತಿಂಗಳು ಇರುತ್ತದೆ. 2021ರ ತಿದ್ದುಪಡಿಯ ನಂತರ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ. 80 ರಿಯಾಯಿತಿ ಇದೆ, ಆದ್ದರಿಂದ ದುಡ್ಡಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ.

ಒಂದೇ ಕಂಪನಿಗೆ ಏಕಸ್ವಾಮ್ಯದ ಲೈಸೆನ್ಸ್ ಕೊಡಬಹುದೇ?

ಕೊಡಬಹುದು, ಬಳಕೆಯ ಕ್ಷೇತ್ರಕ್ಕೆ ಸೀಮಿತ ಮಾಡಿ. ಗಾಳಿಯಂತ್ರಕ್ಕೆ ಒಬ್ಬರಿಗೆ, ಮೀಟರ್‌ಗೆ ಇನ್ನೊಬ್ಬರಿಗೆ, ವಾಹನಕ್ಕೆ ಮತ್ತೊಬ್ಬರಿಗೆ. ಜೊತೆಗೆ ಗಡುವು ಹಾಕಿ: ಇಂತಿಷ್ಟು ಕಾಲದೊಳಗೆ ಪೈಲಟ್ ಲೈನ್ (ಪ್ರಾಯೋಗಿಕ ಸಣ್ಣ ಉತ್ಪಾದನಾ ಸಾಲು) ಆಗದಿದ್ದರೆ, ಇಂತಿಷ್ಟು ಮಾರಾಟವಾಗದಿದ್ದರೆ ಏಕಸ್ವಾಮ್ಯ ರದ್ದು. ತಾನೂ ಮಾಡದೆ ಬೇರೆಯವರಿಗೂ ಬಿಡದೆ ಲೈಸೆನ್ಸನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಕಂಪನಿಗಳು ಇವೆ. ಕೆಲವಕ್ಕೆ ಹಳೆಯ ಮಾಲನ್ನು ಕಾಪಾಡಿಕೊಳ್ಳುವುದೇ ಉದ್ದೇಶ.

ರಾಯಲ್ಟಿ ಎಷ್ಟು ಕೇಳಬೇಕು?

ಶೇಕಡಾ ಎಷ್ಟು ಎನ್ನುವುದಕ್ಕಿಂತ ಯಾವುದರ ಶೇಕಡಾ ಎಂಬುದನ್ನು ಮೊದಲು ತೀರ್ಮಾನಿಸಿ. ಕಂಪನಿ ಸೆಲ್ ಮಾರುತ್ತದೆಯೇ ಮಾಡ್ಯೂಲ್ ಮಾರುತ್ತದೆಯೇ? ಹದಿನೆಂಟು ಸೆಲ್ ಸೇರಿಸಿ 48 ವೋಲ್ಟಿನ ಮಾಡ್ಯೂಲ್ ಮಾಡಿದರೆ ಅದರಲ್ಲಿ ಎಲೆಕ್ಟ್ರಾನಿಕ್ಸ್, ಪೆಟ್ಟಿಗೆ, ಕನೆಕ್ಟರ್ ಎಲ್ಲ ಇರುತ್ತದೆ. ಇಡೀ ಮಾಡ್ಯೂಲಿನ ಬೆಲೆಗೆ ರಾಯಲ್ಟಿ ಕೇಳಿದರೆ ಕಂಪನಿ ಒಪ್ಪದು, ಒಂದು ಇಂಗಾಲದ ಪುಡಿಯ ಬೆಲೆಗೆ ಎಂದರೆ ನಿಮಗೆ ಏನೂ ಉಳಿಯದು. ಸೆಲ್ ಬೆಲೆಯನ್ನು ಆಧಾರ ಮಾಡಿಕೊಳ್ಳುವುದು ನ್ಯಾಯ. ಮಾಡ್ಯೂಲ್ ಮಾತ್ರ ಮಾರುವವರೊಂದಿಗೆ ಫ್ಯಾರಡ್‌ಗೆ ಇಷ್ಟು ಎಂದು ಗೊತ್ತುಮಾಡಿದರೂ ಆಗುತ್ತದೆ.

ಲ್ಯಾಬ್‌ನಲ್ಲಿ ಚೆನ್ನಾಗಿ ಬಂದ ಸೆಲ್ ಕಾರ್ಖಾನೆಯಲ್ಲಿ ಏಕೆ ಕೆಡುತ್ತದೆ?

ನೀರು, ಕಬ್ಬಿಣ, ಅಂಚು.

ನೀರು ಮೊದಲ ಶತ್ರು. ಸಾವಯವ ಎಲೆಕ್ಟ್ರೋಲೈಟ್ 2.7 ವೋಲ್ಟ್ ತಡೆಯುತ್ತದೆ. ನೀರು ತಾತ್ವಿಕವಾಗಿ 1.23 ವೋಲ್ಟ್‌ಗೇ ಒಡೆಯುತ್ತದೆ. ರಂಧ್ರಮಯ ಇಂಗಾಲ ಗಾಳಿಯ ತೇವವನ್ನು ಹೀರಿಕೊಳ್ಳುವುದರಲ್ಲಿ ನಿಸ್ಸೀಮ. ಒಣಗಿಸಿದ್ದು ಸಾಲದೆ ಒಳಗೆ ಉಳಿದ ತೇವ ದಿನ ಕಳೆದಂತೆ ಅನಿಲವಾಗುತ್ತದೆ, ಡಬ್ಬಿಯ ತಳ ಉಬ್ಬುತ್ತದೆ. ಲ್ಯಾಬ್‌ನಲ್ಲಿ ಗ್ಲೋವ್ ಬಾಕ್ಸ್ (ತೇವ ಸೇರದಂತೆ ಮುಚ್ಚಿದ, ಕೈಗವಸು ಜೋಡಿಸಿದ ಪೆಟ್ಟಿಗೆ) ಒಳಗೆ ಕೈ ಹಾಕಿ ಒಂದೊಂದೇ ಸೆಲ್ ಮಾಡಿದಾಗ ಈ ತಲೆನೋವು ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಇಡೀ ಕೋಣೆಯನ್ನೇ ಒಣಗಿಸಬೇಕು, ಅಲ್ಲಿ ಕೆಲಸ ಮಾಡುವ ಮನುಷ್ಯರ ಉಸಿರಿನಲ್ಲೇ ತೇವ ಇರುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಡ್ರೈ ರೂಮ್ ನಡೆಸುವ ಕರೆಂಟ್ ಬಿಲ್ ಎಷ್ಟಾದೀತು ಎಂದು ಕಾರ್ಖಾನೆ ಜಾಗ ಹುಡುಕುವಾಗಲೇ ಯೋಚಿಸಿ.

ಕಬ್ಬಿಣದಂಥ ಲೋಹದ ಕಲ್ಮಶ ಇಂಗಾಲದಲ್ಲಿ ಚೂರು ಇದ್ದರೂ ಸೋರಿಕೆ ಹೆಚ್ಚುತ್ತದೆ. ಪತ್ತೆ ಹಚ್ಚಲು ಸುಲಭ ಪರೀಕ್ಷೆ ಇದೆ. ಒಂದು ಬ್ಯಾಚಿನ ಸೆಲ್‌ಗಳನ್ನು ಪೂರ್ತಿ ತುಂಬಿಸಿ, ಕೆಲ ಗಂಟೆ ಅದೇ ವೋಲ್ಟೇಜಿನಲ್ಲಿ ಹಿಡಿದಿಟ್ಟು, ತಂತಿ ಬಿಡಿಸಿ ಮೂರು ದಿನ ಸುಮ್ಮನೆ ಬಿಡಿ. ಆಮೇಲೆ ಮೀಟರ್ ಹಿಡಿಯಿರಿ. ಎಲ್ಲವೂ ಒಂದೇ ಅಳತೆಯಲ್ಲಿ ಇಳಿದಿದ್ದರೆ ಚಿಂತೆ ಬೇಡ. ಹತ್ತರಲ್ಲಿ ಒಂಬತ್ತು ಸರಿಯಿದ್ದು ಒಂದು ಧೊಪ್ಪನೆ ಇಳಿದಿದ್ದರೆ ಆ ಒಂದೇ ಸೆಲ್ ನಾಳೆ ಇಡೀ ಮಾಡ್ಯೂಲನ್ನು ಹಾಳು ಮಾಡುತ್ತದೆ.

ಅಂಚು ಅಂದರೆ ಲೇಪದ ಅಂಚು. ಅಂಗೈಯಗಲದ ಫಾಯಿಲ್‌ಗೆ ಬ್ಲೇಡಿನಿಂದ ಲೇಪ ಎಳೆಯುವುದು ಒಂದು, ನೂರಾರು ಮೀಟರ್ ಓಡುವ ಫಾಯಿಲ್‌ನ ಎರಡೂ ಬದಿಗೆ ಒಂದೇ ದಪ್ಪ ಕೊಡುವುದು ಇನ್ನೊಂದು. ಅಂಚಿನಲ್ಲಿ ದಪ್ಪವಾದರೆ ಸುತ್ತುವಾಗ ಪುಡಿ ಉದುರುತ್ತದೆ, ಒಳಗೆ ಶಾರ್ಟ್ ಆಗುತ್ತದೆ. ಲೈಸೆನ್ಸ್ ಒಪ್ಪಂದದಲ್ಲಿ ಪೇಟೆಂಟಿಗಿಂತ ಈ ಕೈಚಳಕದ ಜ್ಞಾನಕ್ಕೇ ಹೆಚ್ಚು ಬೆಲೆ ಇರಬೇಕು ಎನ್ನುವುದು ಇದಕ್ಕೆ. ಸಂಶೋಧಕರು ಎಷ್ಟು ವಾರ ಕಾರ್ಖಾನೆಯ ಲೈನ್ ಪಕ್ಕ ನಿಲ್ಲುತ್ತಾರೆ ಎಂದು ಒಪ್ಪಂದದಲ್ಲಿ ಬರೆಸಿ.

ತೆಂಗಿನ ಚಿಪ್ಪಿನಿಂದ ಸೂಪರ್ ಕೆಪಾಸಿಟರ್ ಆಗುತ್ತದಂತೆ. ತಿಪಟೂರಿನ ಕಡೆಯವರಿಗೆ ಅವಕಾಶ ಇದೆಯೇ?

ಆಗುತ್ತದೆ, ಅದು ಬರೀ ಮಾತಲ್ಲ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕೆಪಾಸಿಟರ್ ದರ್ಜೆಯ ಇಂಗಾಲಗಳಲ್ಲಿ ಒಂದು ಜಪಾನಿನ ಕುರಾರೆ ಕಂಪನಿಯದು, ಅದರ ಮೂಲ ತೆಂಗಿನ ಚಿಪ್ಪು. ಭಾರತದಿಂದ ಚಿಪ್ಪಿನ ಇದ್ದಿಲು, ಸಕ್ರಿಯ ಇಂಗಾಲ ಧಾರಾಳವಾಗಿ ರಫ್ತಾಗುತ್ತದೆ, ಬಹುಪಾಲು ನೀರು ಶುದ್ಧಿ, ಗಾಳಿ ಶುದ್ಧಿ, ಚಿನ್ನ ತೆಗೆಯುವ ಕೆಲಸಕ್ಕೆ. ಕೆಪಾಸಿಟರ್‌ಗೆ ಹೋಗಬೇಕಾದರೆ ಬೂದಿಯ ಅಂಶ ತೀರಾ ಕಡಿಮೆ ಇರಬೇಕು, ಆಮ್ಲದಲ್ಲಿ ತೊಳೆದಿರಬೇಕು, ಕಣದ ಗಾತ್ರ ಕೆಲವೇ ಮೈಕ್ರಾನ್ ಇರಬೇಕು, ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರಬಾರದು. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಒಡೆದ ಮೇಲೆ ಚಿಪ್ಪಿಗೆ ಬರವಿಲ್ಲ. ಬರ ಇರುವುದು ಆ ಕೊನೆಯ ಹಂತದ ಸಂಸ್ಕರಣೆಗೆ. ನನ್ನನ್ನು ಕೇಳಿದರೆ ನಮ್ಮ ರಾಜ್ಯದ ಸಣ್ಣ ಉದ್ಯಮಿಗೆ ಸೆಲ್ ಕಾರ್ಖಾನೆಗಿಂತ ಈ ಇಂಗಾಲದ ದಾರಿ ಹತ್ತಿರ. ಆದರೆ ಈ ಇಂಗಾಲದ ಗಿರಾಕಿಗಳು ಸೆಲ್ ಮಾಡುವವರು, ಅವರಿರುವುದು ಬೆರಳೆಣಿಕೆಯಷ್ಟು, ಅವರಲ್ಲಿ ಒಬ್ಬರನ್ನು ಮೊದಲ ದಿನದಿಂದಲೇ ಜೊತೆಗೆ ಹಾಕಿಕೊಳ್ಳದೆ ಕುಲುಮೆ ಕಟ್ಟಬೇಡಿ.

ಪರೀಕ್ಷೆಗೆ ಎಷ್ಟು ಕಾಲ ಬೇಕು?

ಗರಿಷ್ಠ ವೋಲ್ಟೇಜ್, ಗರಿಷ್ಠ ಉಷ್ಣತೆಯಲ್ಲಿ 1500 ಗಂಟೆ ಇಡುವುದು ದೊಡ್ಡ ಸೆಲ್‌ಗಳಲ್ಲಿ ರೂಢಿ, ಅಂದರೆ ಎರಡು ತಿಂಗಳಿಗೂ ಮಿಕ್ಕಿ. ಕೆಪಾಸಿಟೆನ್ಸ್ ಶೇ. 20 ಇಳಿದರೆ ಅಥವಾ ಒಳ ಪ್ರತಿರೋಧ ಇಮ್ಮಡಿಯಾದರೆ ಸೆಲ್ ಆಯಸ್ಸು ಮುಗಿಯಿತು ಎಂದು ಲೆಕ್ಕ. ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧವಾಗುತ್ತದೆ ಎಂಬ ಅಂದಾಜನ್ನು ಎಲ್ಲರೂ ಬಳಸುತ್ತಾರೆ. ಎಲೆಕ್ಟ್ರಾನಿಕ್ಸ್ ಬಳಕೆಗೆ ಐಇಸಿ (ವಿದ್ಯುತ್ ಸಾಧನಗಳ ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 62391, ಹೈಬ್ರಿಡ್ ವಾಹನಕ್ಕೆ ಐಇಸಿ 62576 ಮಾನಕ ನೋಡಿ. ಒಂದು ಸಲ ಫೇಲಾಗಿ ಮತ್ತೆ ಮಾಡಿದರೆ ಮತ್ತೆ ಎರಡು ತಿಂಗಳು. ಗಿರಾಕಿಯ ಸ್ವಂತ ಪರೀಕ್ಷೆ ಇದರ ಮೇಲೆ, ವಾಹನದವರಾದರೆ ವರ್ಷಗಟ್ಟಲೆ.

ಪೂರ್ತಿ ವಿಫಲವಾದ ಪಾಲುದಾರಿಕೆ ಯಾವುದಾದರೂ ಇದೆಯೇ?

ಈಈಸ್ಟೋರ್. ಅಮೆರಿಕದ ಟೆಕ್ಸಾಸ್‌ನ ಈ ಕಂಪನಿ ಬೇರಿಯಂ ಟೈಟನೇಟ್ ಸೆರಾಮಿಕ್‌ನಿಂದ 3500 ವೋಲ್ಟಿನ, 52 ಕಿಲೋವ್ಯಾಟ್-ಅವರ್ ಶಕ್ತಿಯ ಕೆಪಾಸಿಟರ್ ಮಾಡುವುದಾಗಿ ಹೇಳಿತು. 2006ರಲ್ಲಿ ಪೇಟೆಂಟ್ ಸಿಕ್ಕಿತು. ಕೆನಡಾದ ವಿದ್ಯುತ್ ಕಾರು ಕಂಪನಿ ಜೆನ್ ಮೋಟಾರ್ ಹಣ ಹೂಡಿತು, ರಕ್ಷಣಾ ದೈತ್ಯ ಲಾಕ್‌ಹೀಡ್ ಮಾರ್ಟಿನ್ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಹೇಳಿದ ಕೆಪಾಸಿಟರ್ ಬರಲೇ ಇಲ್ಲ. ಜೆನ್ ಕಾರು ಮಾಡುವುದನ್ನೇ ನಿಲ್ಲಿಸಿತು.

ತೊಡಕು ಎಲ್ಲಿ ಎಂಬುದು ಅನೇಕ ತಜ್ಞರಿಗೆ ಆಗಲೇ ಕಂಡಿತ್ತು. ಬೇರಿಯಂ ಟೈಟನೇಟ್‌ನ ಡೈಎಲೆಕ್ಟ್ರಿಕ್ ಗುಣ, ಅಂದರೆ ಕೆಪಾಸಿಟೆನ್ಸ್ ಹೆಚ್ಚಿಸುವ ಗುಣ, ಕಡಿಮೆ ವೋಲ್ಟೇಜಿನಲ್ಲಿ ಅದ್ಭುತ, ವಿದ್ಯುತ್ ಕ್ಷೇತ್ರ ಬಲವಾದಂತೆ ಕುಸಿಯುತ್ತದೆ. ಶಕ್ತಿಯ ಲೆಕ್ಕ ಹಾಕುವಾಗ ಕಡಿಮೆ ವೋಲ್ಟೇಜಿನ ಗುಣವನ್ನೇ 3500 ವೋಲ್ಟ್‌ವರೆಗೂ ಎಳೆದುಕೊಂಡು ಹೋಗುವಂತಿಲ್ಲ. ಪೇಟೆಂಟ್ ಸಿಕ್ಕಿತು ಎಂದರೆ ಸಾಧನ ಕೆಲಸ ಮಾಡುತ್ತದೆ ಎಂದು ಯಾರೂ ಪ್ರಮಾಣ ಕೊಟ್ಟಂತಲ್ಲ. ದೊಡ್ಡ ಹೆಸರು ಜೊತೆಗೆ ಬಂದರೂ ಅಷ್ಟೇ. ಹಣ ಹಾಕುವವರು ಮೂರನೆಯವರ ಬೆಂಚಿನ ಮೇಲೆ ಪೂರ್ತಿ ವೋಲ್ಟೇಜಿನಲ್ಲಿ ಚಾರ್ಜ್, ಡಿಸ್ಚಾರ್ಜ್ ಮಾಡಿಸಿ ಹೊರಬಂದ ಜೌಲ್‌ಗಳನ್ನು ಎಣಿಸಬೇಕು.

ದೊಡ್ಡ ಕಂಪನಿಯೇ ನಮ್ಮನ್ನು ಕೊಂಡುಬಿಟ್ಟರೆ ಒಳ್ಳೆಯದಲ್ಲವೇ?

ಏನು ಬೇಕೆಂದು ಕೊಳ್ಳುತ್ತಾರೆ ನೋಡಿಕೊಳ್ಳಿ. ಟೆಸ್ಲಾ 2019ರಲ್ಲಿ ಮ್ಯಾಕ್ಸ್‌ವೆಲ್ ಅನ್ನು ಸುಮಾರು 21.8 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡಾಗ, ಇನ್ನು ಕಾರಿನಲ್ಲಿ ಸೂಪರ್ ಕೆಪಾಸಿಟರ್ ಬರುತ್ತದೆ ಎಂದು ಎಷ್ಟೋ ಜನ ಬರೆದರು. ಟೆಸ್ಲಾ ಕಣ್ಣಿಟ್ಟಿದ್ದು ಮ್ಯಾಕ್ಸ್‌ವೆಲ್‌ನ ಒಣ ಎಲೆಕ್ಟ್ರೋಡ್ ವಿಧಾನದ ಮೇಲೆ. ದ್ರಾವಕ ಹಾಕದೆ, ಒಣಗಿಸುವ ಉದ್ದನೆಯ ಒಲೆ ಇಲ್ಲದೆ ಪುಡಿಯನ್ನೇ ಹಾಳೆಯಾಗಿ ಒತ್ತುವ ಆ ವಿಧಾನ ಅವರಿಗೆ ಬ್ಯಾಟರಿಗೆ ಬೇಕಿತ್ತು. ಕೆಪಾಸಿಟರ್ ವ್ಯಾಪಾರವನ್ನು 2021ರಲ್ಲಿ ಯುಕ್ಯಾಪ್ ಪವರ್ ಎಂಬ ಕಂಪನಿಗೆ ಮಾರಿದರು.

ಮಾರುವವರಿಗೆ ಇದರಲ್ಲಿ ನಷ್ಟವಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ನಿಜವಾದ ಸೊತ್ತು ಸಾಧನವೋ ಅದನ್ನು ಮಾಡುವ ರೀತಿಯೋ ಎಂದು ಒಮ್ಮೆ ಕೇಳಿಕೊಳ್ಳಿ, ಪೇಟೆಂಟ್ ಬರೆಸುವಾಗ ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಿ.

ಸಣ್ಣ ಉದ್ಯಮಿ ಸೆಲ್ ಮಾಡಬೇಕೇ, ಮಾಡ್ಯೂಲ್ ಮಾಡಬೇಕೇ?

ಮಾಡ್ಯೂಲ್. ಸೆಲ್ ಕೊಂಡು ತಂದು, ಪ್ರತಿ ಸೆಲ್‌ನ ವೋಲ್ಟೇಜ್ ಸಮತೋಲನದಲ್ಲಿಡುವ ಸರ್ಕ್ಯೂಟ್, ಕನ್ವರ್ಟರ್ ಸೇರಿಸಿ ಪೆಟ್ಟಿಗೆ ಮಾಡಿ. ಕನ್ವರ್ಟರ್ ಬೇಕೇಬೇಕು: ಕೆಪಾಸಿಟರ್‌ನ ವೋಲ್ಟೇಜ್ ಬ್ಯಾಟರಿಯಂತೆ ಸ್ಥಿರ ನಿಲ್ಲದು, ಬಳಸಿದಂತೆ ನೇರವಾಗಿ ಇಳಿಯುತ್ತದೆ. ಅರ್ಧ ವೋಲ್ಟೇಜಿಗೆ ಇಳಿಯುವಷ್ಟರಲ್ಲಿ ಮುಕ್ಕಾಲು ಶಕ್ತಿ ಹೊರಬಂದಿರುತ್ತದೆ. ಈ ವಿನ್ಯಾಸ ಬಲ್ಲ ಎಂಜಿನಿಯರ್‌ಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಬಂಡವಾಳವೂ ಕಡಿಮೆ.

ಅಪಾಯ ಏನೂ ಇಲ್ಲವೇ?

ಶಾಕ್ ಹೊಡೆಯುವಷ್ಟು ವೋಲ್ಟೇಜ್ ಒಂಟಿ ಸೆಲ್‌ನಲ್ಲಿ ಇಲ್ಲ. ಆದರೆ 3000 ಫ್ಯಾರಡ್ ಸೆಲ್‌ನ ಎರಡು ತುದಿಗೆ ಸ್ಪ್ಯಾನರ್ ತಗುಲಿದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಉಂಗುರ, ಬಳೆ ತೆಗೆದಿಟ್ಟು ಕೆಲಸ ಮಾಡಿ. ಸಾಗಿಸುವಾಗ ಸೆಲ್ ಪೂರ್ತಿ ಬರಿದು ಮಾಡಿ, ಆಮೇಲೆ ಎರಡು ತುದಿಯನ್ನೂ ತಂತಿಯಿಂದ ಕೂಡಿಸಿರಬೇಕು, ಏಕೆಂದರೆ ಬರಿದು ಮಾಡಿಟ್ಟ ಸೆಲ್ ಕೂಡ ತಾನಾಗಿ ತುಸು ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ.

ಹಣಕಾಸಿನ ನೆರವು?

ಸ್ವದೇಶಿ ತಂತ್ರಜ್ಞಾನವನ್ನು ಪೇಟೆಗೆ ತರಲು ಕೇಂದ್ರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಸುಲಭ ಸಾಲ ಕೊಡುತ್ತದೆ. ಕರ್ನಾಟಕದ ಎಲಿವೇಟ್ ಯೋಜನೆಯಲ್ಲಿ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ಮಾಡ್ಯೂಲ್ ಮಾದರಿಗೆ ಅದು ಸಾಕು, ಡ್ರೈ ರೂಮ್ ಕಟ್ಟಲು ಸಾಲದು.

ಕಂಪನಿಯೊಂದಿಗೆ ಮೊದಲ ಸಭೆಗೆ ಏನು ಒಯ್ಯಬೇಕು?

ಸ್ಲೈಡ್‌ಗಳಿಗಿಂತ ಸೆಲ್‌ಗಳನ್ನು ಒಯ್ಯಿರಿ. ಒಂದೇ ಬ್ಯಾಚಿನ ಇಪ್ಪತ್ತೋ ಮೂವತ್ತೋ ಸೆಲ್, ಪ್ರತಿಯೊಂದಕ್ಕೂ ನಂಬರ್, ಪ್ರತಿ ನಂಬರಿಗೂ ಕೆಪಾಸಿಟೆನ್ಸ್, ಒಳ ಪ್ರತಿರೋಧ, ಸೋರಿಕೆ ಬರೆದ ಒಂದು ಹಾಳೆ. ಅತ್ಯುತ್ತಮವಾದದ್ದನ್ನು ಮಾತ್ರ ಆರಿಸಿ ಒಯ್ಯಬೇಡಿ. ಕೊಳ್ಳುವ ಎಂಜಿನಿಯರ್ ಮೊದಲು ನೋಡುವುದು ಅತಿ ಕೆಟ್ಟ ಸೆಲ್‌ಗೂ ಅತಿ ಒಳ್ಳೆಯದಕ್ಕೂ ಎಷ್ಟು ಅಂತರ ಎಂದು. ಜೊತೆಗೆ 65 ಡಿಗ್ರಿಯಲ್ಲಿ ಪರೀಕ್ಷೆ ನಡೆಯುತ್ತಿದ್ದರೆ, ಅದು ಮುಗಿದಿರದಿದ್ದರೂ ಸರಿ, ಇಲ್ಲಿಯವರೆಗಿನ ರೇಖೆಯನ್ನು ತೋರಿಸಿ. ಬೆಲೆ ಕೇಳಿದರೆ ಇಂಗಾಲ, ಫಾಯಿಲ್, ಎಲೆಕ್ಟ್ರೋಲೈಟ್, ಸೆಪರೇಟರ್, ಡಬ್ಬಿ ಎಂದು ಬಿಡಿಬಿಡಿಯಾಗಿ ಹೇಳಲು ಬರಬೇಕು. ಅವರ ಕಡೆಯಿಂದ ಖರೀದಿ ವಿಭಾಗದವರು ಮಾತ್ರ ಬಂದಿದ್ದರೆ, ವಿನ್ಯಾಸ ವಿಭಾಗದ ಒಬ್ಬರು ಇರುವ ದಿನಕ್ಕೆ ಸಭೆ ಮುಂದೂಡಲು ಕೇಳಿ.